ಇಂಜಿನ್ ಇದೆ, ಡ್ರೈವರ್ ಎಲ್ಲಿ?

(ಬ್ರಿಟನ್ನಿನ ಹಳೆಯ ಲಾರಿಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಚಿತ್ರಲೇಖನ ಓದಿ ಹುಬ್ಬಳ್ಳಿಯ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಅವರ ತಂದೆ ಅಶೋಕ್ ಲೇಲ್ಯಾಂಡ್ ಕಾಮೆಟ್ ಲಾರಿಯಲ್ಲಿ ಹುಬ್ಬಳ್ಳಿಯಿಂದ ಕಾರವಾರಕ್ಕೆ ವರ್ಷಗಟ್ಟಲೆ ಲೋಡ್ ಹೊಡೆದವರು. ಪತ್ರದಲ್ಲಿ ಒಂದು ದೂರು, ಎರಡು ಪ್ರಶ್ನೆ ಇವೆ. ಲೇಖನದ ತುಂಬ ಇಂಜಿನ್ ಇದೆ, ಓಡಿಸಿದವರು ಒಬ್ಬರೂ ಇಲ್ಲ ಅನ್ನುವುದು ದೂರು. ಒಂದು ಫೋಟೋದ ಕೆಂಪು ಲಾರಿಯ ಮೇಲಿದ್ದ ಸಿಂಹ ಯಾವ ಕಂಪನಿಯದು, ಉಳಿದ ಹೆಸರುಗಳೆಲ್ಲ ಎಲ್ಲಿ ಹೋದವು ಅನ್ನುವುದು ಮೊದಲ ಪ್ರಶ್ನೆ. ಹಳೆ ಕಬ್ಬಿಣಕ್ಕೆ ಆ ಜನ ಯಾಕಿಷ್ಟು ಮರ್ಯಾದೆ ಕೊಡುತ್ತಾರೆ ಅನ್ನುವುದು ಎರಡನೆಯದು.)

ಮಾನ್ಯರೇ,

ನಿಮ್ಮ ದೂರು ಸರಿ. ಲೇಖನವನ್ನು ಮತ್ತೆ ಓದಿದೆ. ಕುದುರೆಶಕ್ತಿ ಇದೆ, ಗೇರ್ ಎಷ್ಟು ಅಂತ ಇದೆ, ಬಣ್ಣ ಇದೆ. ಸ್ಟೇರಿಂಗ್ ಹಿಡಿದವನು ಇಲ್ಲ. ಪ್ರಕಟಿಸುವ ಮುಂಚೆಯೇ ನಾನು ಅದನ್ನು ಕಾಣಬೇಕಿತ್ತು. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ತಂದೆಯವರು ಅರಬೈಲು ಘಾಟಿ ಇಳಿದವರು. ಹಾಗಾಗಿ ಬ್ರಿಟನ್ನಿನ ಒಂದು ಘಾಟಿಯಿಂದಲೇ ಶುರು ಮಾಡುತ್ತೇನೆ. ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಕೆಂಡಲ್ ಅನ್ನುವ ಊರು ದಾಟಿದರೆ ಎ6 ರಸ್ತೆ ಶ್ಯಾಪ್ ಫೆಲ್ ಅನ್ನುವ ಬೋಳು ಗುಡ್ಡವನ್ನು ಹತ್ತುತ್ತದೆ. ತುದಿ ಸುಮಾರು 1,400 ಅಡಿ. ಆಗುಂಬೆ ನೋಡಿದವರಿಗೆ ಅದು ಎತ್ತರವೇ ಅಲ್ಲ. ಆದರೆ ಅಲ್ಲಿ ಮರ ಇಲ್ಲ, ಮರೆ ಇಲ್ಲ. ಚಳಿಗಾಲದಲ್ಲಿ ಗಾಳಿ ಹಿಮವನ್ನು ತಂದು ರಸ್ತೆ ಮೇಲೆ ಗುಡ್ಡೆ ಹಾಕುತ್ತದೆ. ಲಂಡನ್, ಮ್ಯಾಂಚೆಸ್ಟರ್ ಕಡೆಯಿಂದ ಗ್ಲಾಸ್ಗೋಗೆ ಹೋಗುವ ಲಾರಿಗಳಿಗೆ ಅದೇ ಮುಖ್ಯ ದಾರಿ. 1970ರಲ್ಲಿ ಎಂ6 ಹೆದ್ದಾರಿ ಆ ಗುಡ್ಡಗಾಡನ್ನು ದಾಟುವವರೆಗೂ ಆ ಲಾರಿಗಳ ಬಹಳಷ್ಟು ಸರಕು ಅಲ್ಲಿಂದಲೇ ಹೋಗಬೇಕಿತ್ತು.

ಹತ್ತುತ್ತಿದ್ದ ಗಾಡಿ ಯಾವುದು? ಫೋಡನ್, ಇಆರ್‌ಎಫ್, ಅಟ್ಕಿನ್ಸನ್ ಕಂಪನಿಗಳ ಎಂಟು ಚಕ್ರದ ಲಾರಿ. ಬಹಳಷ್ಟರಲ್ಲಿ ಗಾರ್ಡ್‌ನರ್ ಇಂಜಿನ್ ಇರುತ್ತಿತ್ತು. ಆ ಕಾಲದ ಗಾರ್ಡ್‌ನರ್ 6ಎಲ್‌ಡಬ್ಲ್ಯೂ ಇಂಜಿನ್ನಿನ ಶಕ್ತಿ 112 ಕುದುರೆ. ಈಗ ನಮ್ಮ ಬೀದಿಯಲ್ಲಿ ನಿಂತಿರುವ ಸಾಧಾರಣ ಕಾರಿಗೇ ಹತ್ತಿರ ಹತ್ತಿರ ಅಷ್ಟಿರುತ್ತದೆ. ಅಷ್ಟರಲ್ಲಿ ಗಾಡಿ, ಲೋಡ್ ಸೇರಿ 22 ಟನ್ ಎಳೆಯಬೇಕು. ಚಿಕ್ಕ ಗೇರಿನಲ್ಲಿ, ನಡೆದು ಹೋಗುವವನ ವೇಗದಲ್ಲಿ. ಆ ಇಂಜಿನ್ ಡೀಸೆಲ್ ಕಮ್ಮಿ ಕುಡಿಯುತ್ತಿತ್ತು, ಸುಲಭಕ್ಕೆ ಕೆಡುತ್ತಿರಲಿಲ್ಲ. ಮಾಲೀಕರಿಗೆ ಅದು ಇಷ್ಟವಾಗಿದ್ದು ಅದಕ್ಕೆ. ಡ್ರೈವರಿಗೆ ಇನ್ನೊಂದು ಉಪಕಾರವೂ ಇತ್ತು. ಇಂಜಿನ್ ಕ್ಯಾಬಿನ್ನಿನ ಒಳಗೇ, ಅವನ ಪಕ್ಕದಲ್ಲೇ ಇರುತ್ತಿತ್ತು. ಎಷ್ಟೋ ಗಾಡಿಗಳಲ್ಲಿ ಹೀಟರ್ ಇರಲಿಲ್ಲ. ಕೈ ಕಾಯಿಸಿಕೊಳ್ಳಲು ಇದ್ದದ್ದು ಆ ಇಂಜಿನ್ ಮುಚ್ಚಳ ಒಂದೇ.

ಇದರ ಜೊತೆಗೆ ಕಾನೂನು. 1957ರವರೆಗೂ ಭಾರಿ ಲಾರಿಗಳು ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್ ಮೀರುವ ಹಾಗಿರಲಿಲ್ಲ. ದಿನಕ್ಕೆ 11 ಗಂಟೆಗಿಂತ ಜಾಸ್ತಿ ಓಡಿಸುವ ಹಾಗೂ ಇರಲಿಲ್ಲ. ಲೆಕ್ಕ ಹಾಕಿ ನೋಡಿ. ಎಲ್ಲೂ ನಿಲ್ಲದೆ ಹೋದರೂ ದಿನಕ್ಕೆ 350 ಕಿಲೋಮೀಟರ್. ಲಂಡನ್ನಿನಿಂದ ಗ್ಲಾಸ್ಗೋ ಸುಮಾರು 640. ಹಾಗಾಗಿ ದಾರಿಯಲ್ಲಿ ಒಂದು ರಾತ್ರಿ ಎಲ್ಲಾದರೂ ಮಲಗಲೇಬೇಕು. ಆಗಿನ ಕ್ಯಾಬಿನ್ನುಗಳಲ್ಲಿ ಮಲಗುವ ಜಾಗ ಇರುತ್ತಿರಲಿಲ್ಲ. ಡ್ರೈವರುಗಳಿಗೆಂದೇ ಕೆಲವರು ಮನೆಯಲ್ಲಿ ಹಾಸಿಗೆ, ಊಟ ಕೊಡುತ್ತಿದ್ದರು. ಅದನ್ನು ಅವರು ‘ಡಿಗ್ಸ್’ ಅನ್ನುತ್ತಿದ್ದರು. ಇನ್ನು ರಸ್ತೆ ಪಕ್ಕದ ‘ಟ್ರಾನ್ಸ್‌ಪೋರ್ಟ್ ಕೆಫೆ’ ಅಂದರೆ ನಮ್ಮ ಲಾರಿ ಅಡ್ಡೆಯ ಖಾನಾವಳಿ ಇದ್ದ ಹಾಗೆ. ದೊಡ್ಡ ಮಗ್ಗಿನಲ್ಲಿ ಗಟ್ಟಿ ಚಹಾ, ಕರಿದ ಮೊಟ್ಟೆ, ಬ್ರೆಡ್ಡು. ಮುಂದೆ ಹಿಮ ಬಿದ್ದಿದೆಯೋ ಇಲ್ಲವೋ ಅನ್ನುವ ಸುದ್ದಿ ಎದುರಿನಿಂದ ಬಂದ ಡ್ರೈವರುಗಳ ಬಾಯಿಂದ ಅಲ್ಲೇ ಸಿಗುತ್ತಿತ್ತು.

ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಟಾರ್ಪಾಲು ಕಟ್ಟುವುದರ ವಿವರ. ಹಗ್ಗ ಎಳೆದೂ ಎಳೆದೂ ತಂದೆಯವರ ಅಂಗೈ ಚಕ್ಕೆಯ ಹಾಗೆ ಗಟ್ಟಿಯಾಗಿತ್ತು ಅಂತ ಬರೆದಿದ್ದೀರಿ. ಅಲ್ಲೂ ಅದೇ ಕಥೆ. ಒಂದು ಲೆಕ್ಕಕ್ಕೆ ಅಲ್ಲಿ ಇನ್ನೂ ಕಷ್ಟ. ನಮ್ಮ ಲಾರಿಗಳಿಗೆ ಸುತ್ತ ಹಲಗೆಯ ಬಾಡಿ ಇರುತ್ತದೆ. ಅವರ ಬಹಳಷ್ಟು ಲಾರಿಗಳ ಹಿಂಭಾಗ ಬರೀ ಮಟ್ಟಸವಾದ ಹಲಗೆ, ಪಕ್ಕಕ್ಕೆ ಏನೂ ಇಲ್ಲ. ಮೂಟೆಯಾಗಲಿ, ಪೆಟ್ಟಿಗೆಯಾಗಲಿ, ಕಾಗದದ ಉರುಳೆಯಾಗಲಿ, ಲೋಡ್ ನಿಲ್ಲುವುದು ಹಗ್ಗದ ಬಿಗಿಯಲ್ಲಿ ಮಾತ್ರ. ‘ಡಾಲಿ’ ಅನ್ನುವ ಒಂದು ಗಂಟು ಅವರ ಕಸುಬಿನ ಪ್ರಾಣ. ಹಗ್ಗದಲ್ಲೇ ಒಂದು ಕುಣಿಕೆ ಮಾಡಿ, ತುದಿಯನ್ನು ಕೆಳಗಿನ ಕೊಕ್ಕೆಗೆ ಹಾಕಿ, ಮೈಭಾರ ಬಿಟ್ಟು ಎಳೆದರೆ ಒಬ್ಬನ ಬಲಕ್ಕಿಂತ ಜಾಸ್ತಿ ಬಿಗಿ ಬರುತ್ತದೆ. ಬಿಚ್ಚುವಾಗ ಮಾತ್ರ ಒಂದೇ ಎಳೆತ. ಮಳೆಯಲ್ಲಿ ನೆನೆದ ಟಾರ್ಪಾಲನ್ನು ಲೋಡಿನ ಮೇಲಕ್ಕೆ ಹೊತ್ತು ಹರಡುವುದು ಎಂಥ ಕೆಲಸ ಅಂತ ನಿಮ್ಮ ಮನೆಯವರಿಗೆ ನಾನು ಹೇಳಬೇಕಿಲ್ಲ. ಹಿಂದೆ ಟ್ರೇಲರ್ ಕಟ್ಟಿದ್ದರೆ ಜೊತೆಗೆ ಇನ್ನೊಬ್ಬ ಇರಲೇಬೇಕು ಅಂತ ಕಾನೂನು ಇತ್ತು. ಅವನನ್ನು ‘ಮೇಟ್’ ಅನ್ನುತ್ತಿದ್ದರು. ನಮ್ಮ ಕ್ಲೀನರ್ ಹುಡುಗನ ಹಾಗೆ ಅವನೂ ಪಕ್ಕದಲ್ಲಿ ಕೂತೇ ಕೆಲಸ ಕಲಿಯುತ್ತಿದ್ದ.

ಈಗ ಆ ಸಿಂಹದ ವಿಷಯ. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಮೊದಲ ಮಹಾಯುದ್ಧ ಮುಗಿದಾಗ ಸೇನೆಯ ಲಾರಿಗಳು ಅಗ್ಗಕ್ಕೆ ಮಾರಾಟಕ್ಕೆ ಬಂದವು. ಯುದ್ಧದಲ್ಲಿ ಡ್ರೈವಿಂಗ್ ಕಲಿತು ಮನೆಗೆ ಬಂದ ಸೈನಿಕರು ಒಂದೊಂದು ಕೊಂಡು ಬಾಡಿಗೆಗೆ ಓಡಿಸತೊಡಗಿದರು. ಸಾಕಷ್ಟು ಕಂಪನಿಗಳು ಹುಟ್ಟಿದ್ದು ಹೀಗೆ. ಪಿಕ್‌ಫೋರ್ಡ್ಸ್‌ನಂಥ ಕೆಲವು ಮಾತ್ರ ಕುದುರೆಗಾಡಿ ಕಾಲದಿಂದ ಇದ್ದವು. ಕಂಪನಿ ಅಂದರೆ ಒಂದು ಮನೆತನ. ಅಪ್ಪನ ಹೆಸರು, ಆಮೇಲೆ ‘ಅಂಡ್ ಸನ್ಸ್’, ಕೆಳಗೆ ಊರ ಹೆಸರು. ಪೇಂಟರ್ ಕುಂಚ ಹಿಡಿದು, ಅಕ್ಷರಕ್ಕೆ ನೆರಳು ಕೊಟ್ಟು, ಬಾಗಿಲ ಮೇಲೆ ಬರೆಯುತ್ತಿದ್ದ. ನ್ಯೂಪೋರ್ಟಿನ ರಾಬರ್ಟ್ ವಿನ್ ಅಂಡ್ ಸನ್ಸ್ ಅಂದರೆ ದೈತ್ಯ ಟ್ರಾನ್ಸ್‌ಫಾರ್ಮರುಗಳನ್ನು ಸಾಗಿಸುವವರು ಅಂತ ಇಡೀ ದೇಶಕ್ಕೇ ಗೊತ್ತಿತ್ತು.

1948ರ ಜನವರಿ 1ರಂದು ಸರ್ಕಾರ ಸಾಗಾಟವನ್ನು ರಾಷ್ಟ್ರೀಕರಣ ಮಾಡಿತು. ಮುಖ್ಯವಾಗಿ 40 ಮೈಲಿಗಿಂತ ದೂರ ಸರಕು ಹೊರುತ್ತಿದ್ದ ಬಾಡಿಗೆ ಕಂಪನಿಗಳನ್ನು ಒಂದೊಂದಾಗಿ ಕೊಂಡುಕೊಂಡಿತು. ಎಲ್ಲ ಸೇರಿ ಆದದ್ದೇ ಬ್ರಿಟಿಷ್ ರೋಡ್ ಸರ್ವಿಸಸ್, ಚಿಕ್ಕದಾಗಿ ಬಿಆರ್‌ಎಸ್. ನೀವು ಕೇಳಿದ ಸಿಂಹ ಮತ್ತು ಚಕ್ರದ ಗುರುತು ಅದರದ್ದು. ಮೂರು ನಾಲ್ಕು ವರ್ಷದಲ್ಲಿ ಸುಮಾರು 40,000 ಗಾಡಿಗಳು ಅದರ ಕೈಗೆ ಬಂದವು. ಸಾಮಾನ್ಯ ಸರಕಿನ ಲಾರಿಗೆಲ್ಲ ಕೆಂಪು ಬಣ್ಣ. ಮನೆತನದ ಹೆಸರುಗಳ ಮೇಲೆ ಆ ಬಣ್ಣ ಬಿತ್ತು. ನಿನ್ನೆವರೆಗೆ ಯಜಮಾನರಾಗಿದ್ದ ಎಷ್ಟೋ ಜನ ಅದೇ ಅಂಗಳದಲ್ಲಿ ಸಂಬಳದ ಮ್ಯಾನೇಜರ್ ಆದರು. ಬಿಆರ್‌ಎಸ್ ಕೆಟ್ಟದ್ದಾಗಿತ್ತು ಅಂತ ನಾನು ಹೇಳುವುದಿಲ್ಲ. ಡ್ರೈವರುಗಳಿಗೆ ನಿಗದಿಯಾದ ಸಂಬಳ, ಯೂನಿಯನ್ನಿನ ಬೆಂಬಲ ಇತ್ತು. ಅಲ್ಲಿ ದುಡಿದವರು ಆ ಕೆಂಪು ಲಾರಿಯನ್ನು ಈಗಲೂ ಪ್ರೀತಿಯಿಂದಲೇ ನೆನೆಯುತ್ತಾರೆ. ಆದರೆ ಹೆಸರು ಕಳೆದುಕೊಂಡ ಮನೆಗಳ ನೋವೂ ನಿಜವೇ.

1951ರಲ್ಲಿ ಬೇರೆ ಸರ್ಕಾರ ಬಂತು, 1953ರಲ್ಲಿ ಕಾನೂನು ತಿರುಗಿಸಿತು. ಲಾರಿಗಳು ಮತ್ತೆ ಮಾರಾಟಕ್ಕೆ ಬಂದವು. ಹಳೆಯ ಮಾಲೀಕರಲ್ಲಿ ಕೆಲವರು ಕೊಂಡರು, ಬಾಗಿಲ ಮೇಲೆ ಮತ್ತೆ ಹೆಸರು ಬರೆಸಿದರು. ಬಿಆರ್‌ಎಸ್ ಚಿಕ್ಕದಾಗಿ ಉಳಿಯಿತು, 1969ರಲ್ಲಿ ನ್ಯಾಷನಲ್ ಫ್ರೈಟ್ ಕಾರ್ಪೊರೇಷನ್ನಿಗೆ ಸೇರಿತು. 1982ರಲ್ಲಿ ಆ ಇಡೀ ಸಂಸ್ಥೆಯನ್ನು ಅಲ್ಲಿ ಕೆಲಸ ಮಾಡುತ್ತಿದ್ದವರೇ ಸೇರಿ 5.35 ಕೋಟಿ ಪೌಂಡಿಗೆ ಕೊಂಡರು. ಡ್ರೈವರುಗಳೂ ಷೇರು ಹಾಕಿದ್ದರು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಸಂಗತಿ ಇದು.

ಲಾರಿ ಮಾಡುವವರಲ್ಲೂ ಹೆಸರಿನ ಕಥೆಗಳಿವೆ. ಚೆಷೈರ್‌ನ ಸ್ಯಾಂಡ್‌ಬ್ಯಾಚ್ ಅನ್ನುವ ಸಣ್ಣ ಊರಲ್ಲಿ ಎರಡು ಲಾರಿ ಕಾರ್ಖಾನೆ ಯಾಕೆ ಗೊತ್ತಾ? ಫೋಡನ್ ಕಂಪನಿ ಉಗಿ ಲಾರಿಗೆ ಅಂಟಿಕೊಂಡಿತ್ತು. ಇನ್ನು ಮುಂದೆ ಡೀಸೆಲ್ಲೇ ಅಂತ ನಂಬಿದ ಎಡ್ವಿನ್ ರಿಚರ್ಡ್ ಫೋಡನ್ ಮನೆಯ ಕಂಪನಿಯಿಂದ ಹೊರಬಂದು, 1933ರಲ್ಲಿ ತನ್ನ ಹೆಸರಿನ ಮೊದಲಕ್ಷರಗಳಲ್ಲೇ ಇಆರ್‌ಎಫ್ ಕಟ್ಟಿದರು. ಮೊದಲ ಗಾಡಿಯ ಚಾಸಿ ನಂಬರ್ 63. ಆಗ ಅವರಿಗೆ ಅಷ್ಟೇ ವಯಸ್ಸು. ಇವತ್ತು ಎರಡೂ ಹೆಸರಿನ ಹೊಸ ಲಾರಿ ಬರುವುದಿಲ್ಲ.

ಇನ್ನು ನಿಮ್ಮ ಮನೆಯ ಲಾರಿ. ಲೇಲ್ಯಾಂಡ್ ಅನ್ನುವುದು ಮನುಷ್ಯನ ಹೆಸರಲ್ಲ, ಲ್ಯಾಂಕಷೈರ್‌ನ ಒಂದು ಊರು. ಕಾಮೆಟ್ ಅಲ್ಲಿ ಹುಟ್ಟಿದ ಮಾದರಿ. ಮದ್ರಾಸಿನ ಅಶೋಕ್ ಮೋಟಾರ್ಸ್ 1950ರ ದಶಕದ ಶುರುವಿನಲ್ಲಿ ಎಣ್ಣೂರಿನಲ್ಲಿ ಅದನ್ನು ಜೋಡಿಸತೊಡಗಿತು. 1955ರಲ್ಲಿ ಎರಡು ಹೆಸರು ಸೇರಿ ಅಶೋಕ್ ಲೇಲ್ಯಾಂಡ್ ಆಯಿತು. ಅಂದರೆ ಶ್ಯಾಪ್ ಹತ್ತಿದ ಲೇಲ್ಯಾಂಡುಗಳಿಗೂ ಅರಬೈಲು ಇಳಿದ ನಿಮ್ಮ ಕಾಮೆಟ್‌ಗೂ ಊರು ಒಂದೇ. ಆ ಊರಲ್ಲಿ 1983ರಿಂದ ಹಳೆಯ ಲಾರಿ, ಬಸ್ಸುಗಳ ಮ್ಯೂಸಿಯಂ ಇದೆ. ಕಾರ್ಖಾನೆಯಲ್ಲಿ ಈಗ ತಯಾರಾಗುವುದು ಡಾಫ್ ಹೆಸರಿನ ಲಾರಿಗಳು.

ಹಳೆ ಕಬ್ಬಿಣಕ್ಕೆ ಯಾಕಿಷ್ಟು ಮರ್ಯಾದೆ ಅಂತ ಕೇಳಿದ್ದಿರಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಲಂಡನ್ನಿನಿಂದ ಬ್ರೈಟನ್‌ಗೆ ಹಳೆಯ ಲಾರಿಗಳು ಸಾಲಾಗಿ ಹೋಗುತ್ತವೆ. 1962ರಲ್ಲಿ ಶುರುವಾದ ಓಟ ಅದು. ಅಪ್ಪ ಓಡಿಸಿದ ಮಾದರಿಯನ್ನು ಹುಡುಕಿ ತಂದು, ತುಕ್ಕು ಕೆರೆದು, ಆಗಿನ ಕಂಪನಿಯ ಹೆಸರನ್ನು ಬಾಗಿಲ ಮೇಲೆ ಮತ್ತೆ ಬರೆಸಿದವರು ಅದರಲ್ಲಿ ಇರುತ್ತಾರೆ. ಆದರೆ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಶ್ಯಾಪ್ ಗುಡ್ಡದ ಮೇಲೇ ಇದೆ. ಹಳೆಯ ಎ6 ರಸ್ತೆಯ ತುದಿಯಲ್ಲಿ ಒಂದು ಸ್ಮಾರಕ ಕಲ್ಲು ನಿಲ್ಲಿಸಿದ್ದಾರೆ. ಆ ಕಷ್ಟದ ದಾರಿಯಲ್ಲಿ ಉತ್ತರ, ದಕ್ಷಿಣಗಳನ್ನು ಕೂಡಿಸಿದ ಡ್ರೈವರುಗಳನ್ನೂ ಅವರ ಜೊತೆಗಾರರನ್ನೂ ಅದು ನೆನೆಯುತ್ತದೆ. ರಸ್ತೆ ಕಟ್ಟಿದವರನ್ನು, ಕಾಪಾಡಿದವರನ್ನು ನೆನೆಯುತ್ತದೆ. ಹಿಮದಲ್ಲಿ ಸಿಕ್ಕಿಬಿದ್ದವರಿಗೆ ಊಟ, ಆಸರೆ ಕೊಟ್ಟ ಸುತ್ತಲ ಹಳ್ಳಿಯವರನ್ನೂ ಬಿಟ್ಟಿಲ್ಲ. ಅದರಲ್ಲಿ ಕುದುರೆಶಕ್ತಿಯ ಮಾತಿಲ್ಲ.

ತಂದೆಯವರಿಗೆ ಈಗ 84 ಅಂತ ಬರೆದಿದ್ದೀರಿ. ನನ್ನದೊಂದು ಕೇಳಿಕೆ. ಅವರ ಪಕ್ಕ ಕೂತು ಕೇಳಿ ಬರೆದುಕೊಳ್ಳಿ. ಮಳೆಗಾಲದಲ್ಲಿ ಘಾಟಿ ಕಟ್ಟಿದಾಗ ಎಲ್ಲಿ ನಿಲ್ಲಿಸುತ್ತಿದ್ದರು? ಯಲ್ಲಾಪುರದಲ್ಲಿ ಯಾರ ಹೋಟೆಲಲ್ಲಿ ಊಟ? ಕ್ಲೀನರ್ ಆಗಿದ್ದವರು ಯಾರು, ಆ ಹುಡುಗ ಆಮೇಲೆ ಏನಾದ? ಕಾಮೆಟ್‌ನ ಬಾಗಿಲ ಮೇಲೆ ಯಾರ ಹೆಸರಿತ್ತು? ಎರಡು ಪುಟವಾದರೂ ಸರಿ, ಇಪ್ಪತ್ತಾದರೂ ಸರಿ, ಕಳಿಸಿ. ಹಳೆಯ ಫೋಟೋ ಇದ್ದರೆ ಅದೂ ಇರಲಿ, ಜೋಪಾನವಾಗಿ ವಾಪಸ್ ಕಳಿಸುತ್ತೇವೆ. ಮುಂದಿನ ಸಂಚಿಕೆಗಳಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

— ಸಂಪಾದಕ