ಪೌಲನ ಪಂಕ್ತಿ, ಯಾಕೋಬನ ಪೀಠ

ಬೈಬಲಿನ ಹೊಸ ಒಡಂಬಡಿಕೆಯ ಪತ್ರಿಕೆಗಳಲ್ಲಿ, ಮನುಷ್ಯನು ದೇವರ ಮುಂದೆ ನಂಬಿಕೆಯಿಂದ ನೀತಿವಂತನಾಗುತ್ತಾನೆ ಎಂದು ಪೌಲನೂ ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನೂ ಹೇಳುತ್ತಿರುವಾಗ ಕ್ರೈಸ್ತರು ಯಾರ ಮಾತನ್ನು ಹಿಡಿಯಬೇಕು, ಮೋಶೆಯ ಧರ್ಮಶಾಸ್ತ್ರಕ್ಕೆ ಅವರಲ್ಲಿ ಇನ್ನೂ ಸ್ಥಾನವಿದೆಯೇ ಎಂದು ನೀವು ಕೇಳಿದ್ದೀರಿ. ಈ ಪ್ರಶ್ನೆ ನನ್ನನ್ನೂ ಹಲವು ವರ್ಷ ಕಾಡಿತ್ತು. ಪ್ರೊಟೆಸ್ಟಂಟ್ ಮನೆಯಲ್ಲಿ ಬೆಳೆದ ನನಗೆ ಪೌಲನ ಮಾತುಗಳು ಚಿಕ್ಕಂದಿನಿಂದ ಬಾಯಿಪಾಠ. ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯಕ್ಕೆ ಬಂದಾಗಲೆಲ್ಲ ಮಾತ್ರ ಮನಸ್ಸಿನಲ್ಲಿ ಅಳುಕು. ಒಂದು ದಿನ ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರೊಬ್ಬರು ಆ ಅಧ್ಯಾಯವನ್ನು, ಎಲ್ಲರೂ ಉಲ್ಲೇಖಿಸುವ 14ನೆಯ ವಚನದಿಂದಲ್ಲದೆ, ಮೊದಲನೆಯ ವಚನದಿಂದಲೇ ನನ್ನಿಂದ ಗಟ್ಟಿಯಾಗಿ ಓದಿಸಿದರು. ನನ್ನ ತಿಳಿವಳಿಕೆ ಬದಲಾದದ್ದು ಅಲ್ಲಿಂದ.

ಮೊದಲು ಒಂದು ಪದದ ವಿಷಯ. ಕನ್ನಡ ಬೈಬಲಿನಲ್ಲಿ ‘ಧರ್ಮಶಾಸ್ತ್ರ’ ಎಂದರೆ ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ಬಂದ ಕಟ್ಟಳೆಗಳು. ಹತ್ತು ಆಜ್ಞೆಗಳ ಜೊತೆಗೆ ಸುನ್ನತಿ, ಸಬ್ಬತ್ತು ಎಂಬ ವಾರದ ವಿಶ್ರಾಂತಿದಿನ, ಏನನ್ನು ತಿನ್ನಬಹುದು ಏನನ್ನು ತಿನ್ನಬಾರದು ಎಂಬ ನಿಯಮಗಳೂ ಅದರೊಳಗಿವೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಧರ್ಮಶಾಸ್ತ್ರದ ಕ್ರಿಯೆಗಳಿಂದ ಯಾರೂ ನೀತಿವಂತರಾಗುವುದಿಲ್ಲ ಎನ್ನುವುದು ಒಂದು ಊಟದ ಜಗಳವನ್ನು ಹೇಳಿದ ಬೆನ್ನಿಗೇ. ಅಂತಿಯೋಕ್ಯ ಪಟ್ಟಣದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕುಳಿತು ಉಣ್ಣುತ್ತಿದ್ದ ಪೇತ್ರನು, ಯೆರೂಸಲೇಮಿನಲ್ಲಿದ್ದ ಯಾಕೋಬನ ಕಡೆಯಿಂದ ಕೆಲವರು ಬಂದೊಡನೆ ಅಂಜಿ ಎದ್ದುಹೋಗಿ ಬೇರೆಯಾದನು. ಅವನನ್ನು ನೋಡಿ ಉಳಿದ ಯೆಹೂದ್ಯರೂ, ಕಡೆಗೆ ಪೌಲನ ಜೊತೆಗಾರನಾದ ಬಾರ್ನಬನೂ ಹಾಗೆಯೇ ಮಾಡಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಪಂಕ್ತಿಭೇದ. ಪೌಲನು ಎಲ್ಲರ ಮುಂದೆಯೇ ಪೇತ್ರನನ್ನು ಎದುರಿಸಿ ಮಾತನಾಡಿದನು. ಕ್ರಿಸ್ತನನ್ನು ನಂಬಿದವನು ಆ ಪಂಕ್ತಿಯಲ್ಲಿ ಕೂರಲು ಸುನ್ನತಿಯನ್ನೂ ಆಹಾರನಿಯಮವನ್ನೂ ಮೊದಲು ಪೂರೈಸಬೇಕೆಂದರೆ ದೇವರ ಕೃಪೆಗೆ ಏನು ಅರ್ಥ ಉಳಿಯಿತು ಎಂಬುದು ಅವನ ವಾದ. ರೋಮಾಪುರದವರಿಗೆ ಬರೆಯುವಾಗ ಅವನು ಇದನ್ನೇ ಇನ್ನೂ ವಿಸ್ತರಿಸಿ, ಕೆಲಸ ಮಾಡಿದವನಿಗೆ ಸಿಗುವುದು ಸಲ್ಲಬೇಕಾದ ಕೂಲಿ, ದೇವರ ಮುಂದೆ ಅಂಥ ಕೂಲಿಯ ಲೆಕ್ಕ ನಡೆಯುವುದಿಲ್ಲ ಎನ್ನುತ್ತಾನೆ.

ಈಗ ಯಾಕೋಬನ ಅಧ್ಯಾಯದ ಆರಂಭವನ್ನು ನೋಡಿ. ಅಲ್ಲಿಯೂ ವಿಷಯ ಯಾರನ್ನು ಎಲ್ಲಿ ಕೂರಿಸುವುದು ಎಂಬುದೇ. ಚಿನ್ನದ ಉಂಗುರ ತೊಟ್ಟು ಬೆಲೆಬಾಳುವ ಬಟ್ಟೆಯುಟ್ಟವನೊಬ್ಬ ಸಭೆಗೆ ಬರುತ್ತಾನೆ, ಕೊಳಕು ಬಟ್ಟೆಯ ಬಡವನೊಬ್ಬನೂ ಬರುತ್ತಾನೆ. ಮೊದಲನೆಯವನಿಗೆ ಒಳ್ಳೆಯ ಪೀಠ, ಎರಡನೆಯವನಿಗೆ ‘ಅಲ್ಲಿ ನಿಲ್ಲು, ಇಲ್ಲವೆ ನನ್ನ ಕಾಲ ಬಳಿ ಕೂರು’ ಎಂಬ ಮಾತು. ಇದಾದ ಮೇಲೆಯೇ, ಬಟ್ಟೆಯೂ ಅಂದಿನ ಊಟವೂ ಇಲ್ಲದವರಿಗೆ ಏನನ್ನೂ ಕೊಡದೆ, ಹೋಗಿ ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ ಎಂದು ಹರಸಿ ಕಳುಹಿಸುವವನ ನಂಬಿಕೆಯನ್ನು ಯಾಕೋಬನು ಸತ್ತದ್ದು ಎನ್ನುತ್ತಾನೆ. ಅವನು ಖಂಡಿಸುವ ನಂಬಿಕೆ ಬರಿಯ ಒಪ್ಪಿಗೆ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ ಎಂದು ಅವನು ಹೇಳುವುದು ಅದಕ್ಕಾಗಿಯೇ. ಅವನು ಬೇಡುವ ಕ್ರಿಯೆಗಳಲ್ಲಿ ಸುನ್ನತಿಯ ಮಾತಿಲ್ಲ, ಆಹಾರನಿಯಮದ ಮಾತೂ ಇಲ್ಲ. ಒಬ್ಬನು ಪಂಕ್ತಿಯ ಹೊರಗೆ ನಿಂತವನ ಪರವಾಗಿ, ಇನ್ನೊಬ್ಬನು ಒಳಗೆ ಬಂದರೂ ಕಾಲ ಬಳಿ ಕೂತವನ ಪರವಾಗಿ ಮಾತನಾಡುತ್ತಿದ್ದಾರೆ ಎಂಬುದು ನನಗೆ ಮನವರಿಕೆಯಾಗಿದೆ. ಗಲಾತ್ಯದವರಿಗೆ ಬರೆದ ಅದೇ ಪತ್ರಿಕೆಯಲ್ಲಿ ಮುಖ್ಯವಾದದ್ದು ಪ್ರೀತಿಯಿಂದ ಕೆಲಸ ನಡೆಸುವ ನಂಬಿಕೆ ಎಂದು ಪೌಲನೇ ಹೇಳಿದ್ದಾನೆ. ಯಾಕೋಬನು ಇದಕ್ಕೆ ಏನೂ ಆಕ್ಷೇಪ ಎತ್ತುತ್ತಿರಲಿಲ್ಲ.

ಆದರೂ ಇಬ್ಬರ ಮಾತಿನಲ್ಲಿ ಭೇದವೇ ಇಲ್ಲವೆನ್ನಲಾರೆ. ಇಬ್ಬರೂ ಇಸ್ರಾಯೇಲ್ಯರ ಮೂಲಪುರುಷನಾದ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ, ಆದಿಕಾಂಡದ 15ನೆಯ ಅಧ್ಯಾಯದ ಒಂದೇ ವಚನವನ್ನು ಉದ್ಧರಿಸುತ್ತಾರೆ. ಅಬ್ರಹಾಮನು ದೇವರನ್ನು ನಂಬಿದ್ದು ಸುನ್ನತಿಗೂ ಮೊದಲು ಎಂಬುದು ಪೌಲನಿಗೆ ಮುಖ್ಯವಾದರೆ, ಆ ನಂಬಿಕೆ 22ನೆಯ ಅಧ್ಯಾಯದಲ್ಲಿ ಮಗ ಇಸಾಕನನ್ನು ಯಜ್ಞವೇದಿಯ ಮೇಲಿಟ್ಟಾಗ ಪೂರ್ಣವಾಯಿತು ಎಂಬುದು ಯಾಕೋಬನಿಗೆ ಮುಖ್ಯ.

ಈ ಭೇದವೇ ಮುಂದೆ ಯುರೋಪಿನ ಸಭೆಯನ್ನು ಸೀಳಿದ ವಾದದ ನಡುವೆ ಬಂದಿತು. ಪ್ರೊಟೆಸ್ಟಂಟ್ ಸುಧಾರಣೆಯನ್ನು ಆರಂಭಿಸಿದ ಮಾರ್ಟಿನ್ ಲೂಥರನು 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 3:28ರಲ್ಲಿ ‘ನಂಬಿಕೆಯಿಂದ’ ಎಂಬುದಕ್ಕೆ ಮೂಲ ಗ್ರೀಕಿನಲ್ಲಿಲ್ಲದ ‘ಮಾತ್ರ’ ಎಂಬ ಅರ್ಥದ ಪದವನ್ನು ಸೇರಿಸಿದನು. ಯಾಕೋಬನ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ, ಅಂದರೆ ಸತ್ವ ಕಡಿಮೆಯಾದದ್ದು, ಎಂದನು. ಬೈಬಲಿನಲ್ಲಿ ‘ನಂಬಿಕೆಯಿಂದ ಮಾತ್ರ’ ಎಂಬ ಮಾತು ಇರುವುದು ಯಾಕೋಬನ 2:24ರಲ್ಲಿ, ಅದೂ ನಿಷೇಧರೂಪದಲ್ಲಿ. ಲೂಥರನ ಪರಂಪರೆಗೆ ನಾನು ಋಣಿಯಾದರೂ ಈ ವಿಷಯದಲ್ಲಿ ಅವನು ದುಡುಕಿದನೆಂದೇ ನನ್ನ ಅಭಿಪ್ರಾಯ. 1547ರ ಜನವರಿಯಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆಯು ‘ನಂಬಿಕೆಯಿಂದ ಮಾತ್ರ’ ಎಂಬ ಬೋಧನೆಯನ್ನು ಖಂಡಿಸಿತು. ಆದರೆ ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಎನ್ನುವವರನ್ನೂ ಅದೇ ನಿರ್ಣಯ ಖಂಡಿಸಿತ್ತು ಎಂಬುದನ್ನು ನಮ್ಮ ಕಡೆಯವರು ಹೇಳುವುದು ಅಪರೂಪ. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲದೆ ಕೃಪೆಯಿಂದಲೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ, ಪವಿತ್ರಾತ್ಮನು ನಮ್ಮ ಹೃದಯವನ್ನು ಹೊಸದುಮಾಡಿ ಸತ್ಕ್ರಿಯೆಗಳಿಗೆ ಕರೆಯುತ್ತಾನೆ ಎಂಬುದು ಅದರ ಸಾರ.

ಇನ್ನು ಧರ್ಮಶಾಸ್ತ್ರದ ಪ್ರಶ್ನೆ. ತಾನು ಅದನ್ನು ರದ್ದುಮಾಡಲು ಬಂದವನಲ್ಲ, ನೆರವೇರಿಸಲು ಬಂದವನು ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಪೌಲನು ಅದನ್ನು ಗ್ರೀಕ್ ಮನೆಗಳಲ್ಲಿ ಹುಡುಗನನ್ನು ಕೈಹಿಡಿದು ಪಾಠಶಾಲೆಗೆ ಕರೆದೊಯ್ಯುತ್ತಿದ್ದ, ದಾರಿಯುದ್ದಕ್ಕೂ ಅವನ ನಡತೆಯ ಮೇಲೆ ಕಣ್ಣಿಟ್ಟಿರುತ್ತಿದ್ದ ಆಳಿಗೆ ಹೋಲಿಸುತ್ತಾನೆ; ಹುಡುಗ ಬೆಳೆದ ಮೇಲೆ ಆ ಆಳಿನ ಕಾವಲು ಮುಗಿಯುತ್ತದೆ. ಯೆರೂಸಲೇಮಿನಲ್ಲಿ ಕ್ರಿ.ಶ. 49ರ ಸುಮಾರಿಗೆ ನಡೆದ ಸಭೆಯಲ್ಲಿ, ದೇವರ ಕಡೆಗೆ ತಿರುಗುವ ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ತೊಂದರೆ ಕೊಡಬಾರದೆಂದು ತೀರ್ಪು ಹೇಳಿದವನು ಯಾಕೋಬನೇ. ಪತ್ರಿಕೆಯೂ ಅವನದೇ ಎಂಬುದು ಸಭೆಯ ಪರಂಪರೆ. ಅಲ್ಲಿ ಸುನ್ನತಿಯನ್ನು ವಿಧಿಸಲಿಲ್ಲ. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿ, ಜಾರತ್ವ ಇವುಗಳಿಂದ ದೂರವಿರಿ ಎಂದಷ್ಟೇ ಬರೆದು ಕಳುಹಿಸಿದರು. ಕೊಲೆ, ಕಳವು, ವ್ಯಭಿಚಾರ, ದುರಾಶೆಗಳ ವಿರುದ್ಧವಾದ ಆಜ್ಞೆಗಳನ್ನು ಪೌಲನೂ ಬಿಟ್ಟುಕೊಟ್ಟವನಲ್ಲ. ನೆರೆಯವನನ್ನು ಪ್ರೀತಿಸುವವನು ಅವೆಲ್ಲವನ್ನೂ ನೆರವೇರಿಸಿದ್ದಾನೆ ಎನ್ನುತ್ತಾನೆ.

ನೀವೇ ಓದಿ ನೋಡುವುದಾದರೆ ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು 11ನೆಯ ವಚನದಿಂದಲೂ ಯಾಕೋಬನ ಎರಡನೆಯ ಅಧ್ಯಾಯವನ್ನು ಮೊದಲ ವಚನದಿಂದಲೂ ಒಂದೇ ಸಲಕ್ಕೆ ಕೂತು ಓದಿ. ಎರಡೂ ಸೇರಿ ಕಾಲು ಗಂಟೆಯೂ ಹಿಡಿಯುವುದಿಲ್ಲ.