ಬಿಸಿನೆಸ್ ಅಂದ್ರೆ ವ್ಯಾಪಾರ ಮಾತ್ರನಾ?

ನೀವು ಕೇಳಿರೋದು ಇಷ್ಟು: ಬಿಸಿನೆಸ್ ಅಂದ್ರೆ ವ್ಯಾಪಾರ ಅಂತ ಸ್ಕೂಲಲ್ಲಿ ಕಲ್ತಿದ್ದೆ, ಆದ್ರೆ ಇಂಗ್ಲಿಷ್ ಸೀರೀಸ್ ನೋಡ್ತಿದ್ರೆ ಜಗಳದಲ್ಲೂ ಬಿಸಿನೆಸ್, ಮೀಟಿಂಗಲ್ಲೂ ಬಿಸಿನೆಸ್, ಕೊನೆಗೆ ಪಾರ್ಕಲ್ಲಿ ನಾಯಿ ಮಾಡಿದ್ದೂ ಬಿಸಿನೆಸ್ಸಂತೆ, ಒಂದು ಪದಕ್ಕೆ ಇಷ್ಟು ಅರ್ಥ ಎಲ್ಲಿಂದ ಬಂತು, ನೆನಪಿಟ್ಕೊಳ್ಳೋದು ಹೇಗೆ ಅಂತ. ನಾಯಿ ವಿಷಯ ಕೊನೇಲಿ ಹೇಳ್ತೀನಿ.

ನಾನು ಭಾಷಾಶಾಸ್ತ್ರ ಓದಿದವನಲ್ಲ, ಕೆಲವು ವರ್ಷ ಸಬ್‌ಟೈಟಲ್ ಅನುವಾದ ಮಾಡ್ತಿದ್ದೆ ಅಷ್ಟೇ, ಆಗ ಈ ಪದದ ಕೈಲಿ ಚೆನ್ನಾಗಿ ಏಟು ತಿಂದಿದೀನಿ. ಶುರುಶುರುವಲ್ಲಿ ಒಂದು ಸೀನ್ ಬಂತು, ಒಬ್ಬ ಬಂದೂಕು ಹಿಡ್ಕೊಂಡು ಬಾಗಿಲಲ್ಲಿ ನಿಂತಿದಾನೆ, ಒಳಗಿರೋನು ಪಕ್ಕದವನಿಗೆ ಮೆಲ್ಲಗೆ ‘ಹೀ ಮೀನ್ಸ್ ಬಿಸಿನೆಸ್’ ಅಂತಾನೆ, ನಾನು ರಾತ್ರಿ ಎರಡು ಗಂಟೇಲಿ ‘ಅವನು ವ್ಯಾಪಾರದ ಮಾತಾಡ್ತಿದಾನೆ’ ಅಂತ ಹಾಕಿ ಕಳಿಸಿಬಿಟ್ಟೆ. ಚೆಕ್ ಮಾಡೋರು ಪಕ್ಕದಲ್ಲಿ ಬರೆದು ವಾಪಸ್ ಕಳಿಸಿದ್ರು: ‘ಏನ್ ಸಾರ್, ಬಂದೂಕು ಮಾರೋಕೆ ಬಂದಿದ್ದಾನಾ?’ ಅಲ್ಲಿ ಬೇಕಿದ್ದಿದ್ದು ‘ಇವನು ಸುಮ್ನೆ ಹೆದರಿಸ್ತಿಲ್ಲ, ಹೇಳಿದ್ದು ಮಾಡೋನೇ’ ಅಂತ. ಆ ಅವಮಾನದಲ್ಲೇ ಈ ಪದದ ಹಿಂದೆ ಬಿದ್ದೆ.

ಗೊತ್ತಾಗಿದ್ದು ಏನಂದ್ರೆ ನಾವು ಮೊದಲು ಕಲಿಯೋ ಅರ್ಥಾನೇ ಈ ಪದದ ಮನೆಗೆ ತಡವಾಗಿ ಬಂದಿದ್ದು. ಬಿಸಿ ಅಂದ್ರೆ ಪುರುಸೊತ್ತಿಲ್ಲದ, ಅದಕ್ಕೆ ನೆಸ್ ಸೇರಿಸಿದ್ರೆ ಬಿಸಿನೆಸ್, ಅಷ್ಟೇ ಇದರ ಹುಟ್ಟು. ಸಾವಿರ ವರ್ಷದ ಹಿಂದೆ ಉತ್ತರ ಇಂಗ್ಲೆಂಡಿನ ಹಳೇ ಇಂಗ್ಲಿಷಲ್ಲಿ ಬಿಸಿಗ್ನೆಸ್ ಅಂದ್ರೆ ಚಿಂತೆ, ಕಳವಳ, ಮನಸ್ಸಿಗೆ ಹತ್ತಿಕೊಂಡ ಜವಾಬ್ದಾರಿ. (ಬಿಸಿನೆಸ್ ಮಾಡೋದು ಬರೀ ತಲೆನೋವು ಅಂತ ಗೊಣಗೋರು ತಮಗೇ ಗೊತ್ತಿಲ್ದೆ ಪದದ ಮೂಲಾರ್ಥ ಹೇಳ್ತಿರ್ತಾರೆ.) ಆಮೇಲೆ ಮನಸ್ಸಿಗೆ ಹತ್ತಿದ್ದು ಅನ್ನೋದು ಕೈಗೆ ಹತ್ತಿದ ಕೆಲಸ ಆಯ್ತು, ಕಸುಬಾಯ್ತು, ಕೊಡು ಕೊಳ್ಳು ಲಾಭ ನಷ್ಟದ ಅರ್ಥ ಗಟ್ಟಿಯಾಗಿ ನಿಂತಿದ್ದು 18ನೇ ಶತಮಾನದಲ್ಲಿ. ಅಷ್ಟೊತ್ತಿಗೆ ಪದ ಹಣದ ಕಡೆ ಎಷ್ಟು ವಾಲಿಬಿಟ್ಟಿತ್ತು ಅಂದ್ರೆ, ಬರೀ ಪುರುಸೊತ್ತಿಲ್ಲದಿರೋದು ಅನ್ನೋಕೆ ಪದಾನೇ ಇಲ್ದೆ 19ನೇ ಶತಮಾನದಲ್ಲಿ ಅದೇ ಪದಾನ ಐ ಬದಲು ವೈ ಅಕ್ಷರ ಹಾಕಿ (busyness ಅಂತ) ಮತ್ತೆ ಹೊಸದಾಗಿ ಕಟ್ಕೊಂಡ್ರು.

1611ರ ಇಂಗ್ಲಿಷ್ ಬೈಬಲ್ಲಲ್ಲಿ ಇದಕ್ಕೊಂದು ಒಳ್ಳೇ ಉದಾಹರಣೆ ಇದೆ. 12 ವರ್ಷದ ಯೇಸು ಕಾಣಿಸ್ತಿಲ್ಲ ಅಂತ ಅಪ್ಪ ಅಮ್ಮ ಹುಡುಕ್ತಾ ಬಂದ್ರೆ ಹುಡುಗ ದೇವಾಲಯದಲ್ಲಿ ಕೂತಿರ್ತಾನೆ, ನಾನು ನನ್ನ ತಂದೆಯ ಬಿಸಿನೆಸ್ಸಲ್ಲಿ ಇರಬೇಕಲ್ವಾ ಅಂತಾನೆ. ಇವತ್ತಿನ ಅರ್ಥ ಇಟ್ಕೊಂಡು ಓದಿದ್ರೆ ಅಪ್ಪ ಜೋಸೆಫನ ಬಡಗಿ ಕೆಲಸದ ಮಾತು ಅನ್ಸುತ್ತೆ! ಅಲ್ಲಿ ಅವನು ಹೇಳ್ತಿರೋ ತಂದೆ ದೇವರು, ಬಿಸಿನೆಸ್ ಅಂದ್ರೆ ಆ ತಂದೆಗೆ ಸೇರಿದ ಕಾರ್ಯ.

ಈಗ ನನಗೆ ತುಂಬಾ ಖುಷಿ ಕೊಟ್ಟ ವಿಷಯ. ಇಂಗ್ಲಿಷ್ ವಿಚಿತ್ರ ಭಾಷೆ ಅಂತ ಬೈಯೋಕೆ ಮುಂಚೆ ನಮ್ಮ ವ್ಯಾಪಾರ ಅನ್ನೋ ಪದಾನೇ ನೋಡಿ. ಸಂಸ್ಕೃತದಿಂದ ಬಂದಿದ್ದು, ವ್ಯಾಪೃತ ಅಂತೀವಲ್ಲ, ಯಾವುದೋ ಕೆಲಸದಲ್ಲಿ ಮುಳುಗಿರೋನು ಅಂತ, ಅದೇ ಧಾತುವಿನ ಪದ. ಮೊದಲಿನ ಅರ್ಥ ಚಟುವಟಿಕೆ, ತೊಡಗಿರೋದು. ಅಂಗಡಿ ತಕ್ಕಡಿ ಎಲ್ಲಾ ಆಮೇಲೆ. ನಂಬಿಕೆ ಇಲ್ವಾ, ಮನೋವ್ಯಾಪಾರ ಅಂತೀವಲ್ಲ, ಅಲ್ಲಿ ಮನಸ್ಸು ಏನನ್ನ ಮಾರ್ತಿದೆ ಹೇಳಿ? ಉದ್ಯಮಾನೂ ಹಾಗೇ, ಸುಭಾಷಿತದಲ್ಲಿ ಉದ್ಯಮದಿಂದ ಕಾರ್ಯ ಸಿದ್ಧಿ ಅಂದಾಗ ಅದು ಪ್ರಯತ್ನ, ಪೇಪರಲ್ಲಿ ಓದಿದಾಗ ಕಂಪನಿ. ಬೇರೆ ಭಾಷೆಗಳೂ ಇದೇ ದಾರಿ ಹಿಡಿದಿವೆ. ಲ್ಯಾಟಿನ್ನಲ್ಲಿ ನೆಗೋಷಿಯಂ ಅಂದ್ರೆ ಬಿಡಿಸಿದ್ರೆ ‘ವಿರಾಮ ಅಲ್ಲದ್ದು’, ಅದರಿಂದಾನೇ ಸ್ಪ್ಯಾನಿಷ್ ನೆಗೋಸಿಯೊ, ಇಂಗ್ಲಿಷಿನ ನೆಗೋಷಿಯೇಟ್. ಫ್ರೆಂಚಲ್ಲಿ ಅಫೇರ್ ಮೂಲದಲ್ಲಿ ‘ಮಾಡಬೇಕಾದ್ದು’, ಬಹುವಚನ ಮಾಡಿದ್ರೆ ಬಿಸಿನೆಸ್, ನಮ್ಮ ಬಾಯಿಗೆ ಬರೋ ಹೊತ್ತಿಗೆ ಅಫೇರ್ ಅಂದ್ರೆ ಬೇರೇನೇ ಆಗೋಯ್ತು ಬಿಡಿ, ಆದ್ರೂ ‘ಅವರಿಬ್ಬರ ವ್ಯವಹಾರ’ ಅಂತ ಯಾರಾದ್ರೂ ದನಿ ಇಳಿಸಿ ಹೇಳಿದ್ರೆ ದುಡ್ಡಿನ ವಿಷಯ ಅಂತ ಯಾರೂ ಅಂದ್ಕೊಳ್ಳಲ್ಲ ಅಲ್ವಾ.

ಹಾಗಾಗಿ ನಾನು ಇಟ್ಕೊಂಡಿರೋ ಉಪಾಯ ಒಂದೇ, ಬಿಸಿನೆಸ್ ಅಂತ ಬಂದ ಕೂಡ್ಲೇ ಅಂಗಡಿ ನೆನಪಿಸ್ಕೊಳ್ಳೋ ಬದಲು ‘ಇದು ಯಾರ ತಲೆನೋವು’ ಅಂತ ಕೇಳ್ಕೊಳ್ಳೋದು. ನನ್ ಆಫ್ ಯುವರ್ ಬಿಸಿನೆಸ್ ಅಂದ್ರೆ ಇದು ನಿನ್ನ ತಲೆನೋವಲ್ಲ, ಕನ್ನಡದಲ್ಲಿ ‘ನಿನಗ್ಯಾಕೆ ಊರ ಉಸಾಬರಿ’. ಉಸಾಬರಿ ಅನ್ನೋದಂತೂ ಆ ಬಿಸಿನೆಸ್‌ಗೆ ಹೇಳಿ ಮಾಡಿಸಿದ ಪದ, ಯಾಕೋ ಡಿಕ್ಷನರಿಗಳು ಅದನ್ನ ಮುಂದೆ ಹಾಕಲ್ಲ. ಯೂ ಹ್ಯಾವ್ ನೋ ಬಿಸಿನೆಸ್ ಹಿಯರ್ ಅಂದ್ರೆ ‘ನಿನಗಿಲ್ಲೇನು ಕೆಲಸ’. ಮೀಟಿಂಗಲ್ಲಿ ಲೆಟ್ಸ್ ಗೆಟ್ ಡೌನ್ ಟು ಬಿಸಿನೆಸ್ ಅಂದ್ರೆ ಹರಟೆ ಸಾಕು ವಿಷಯಕ್ಕೆ ಬನ್ನಿ, ಶಾಸನಸಭೆಯ ಬಿಸಿನೆಸ್ ಅಂದ್ರೆ ಕಲಾಪ. ಅನ್‌ಫಿನಿಶ್ಡ್ ಬಿಸಿನೆಸ್ ಸಿನಿಮಾದಲ್ಲಿ ಬಂದ್ರೆ ಹೆಚ್ಚಾಗಿ ಹಳೇ ಬಾಕಿ, ತೀರಿಸ್ಕೊಳ್ಳೋ ಸೇಡು. ಮಂಕಿ ಬಿಸಿನೆಸ್ ಕಿತಾಪತಿ.

ಇನ್ನೊಂದಿದೆ, ಅದು ಸ್ವಲ್ಪ ಕಷ್ಟ. ‘ದಟ್ ಬಿಸಿನೆಸ್ ವಿತ್ ದ ಕೀ’ ಅಂತಾರೆ, ಇಲ್ಲಿ ಯಾರ ಕೆಲಸಾನೂ ಅಲ್ಲ, ಹೆಸರಿಡೋಕೆ ಬೇಜಾರಾಗಿ ಇಡೀ ಗೊಂದಲಕ್ಕೆ ಬಿಸಿನೆಸ್ ಅಂದಿರೋದು. ನಾನು ‘ಆ ಬೀಗದ ಕೈ ರಾಮಾಯಣ’ ಅಂತ ಹಾಕಿದ್ದೆ, ಅದನ್ನ ಚೆಕ್ ಮಾಡೋರು ತಿದ್ದಲಿಲ್ಲ!

ನಾಟಕದವರ ಹತ್ರಾನೂ ಒಂದು ಬಿಸಿನೆಸ್ ಇದೆ. ಮಾತಿಲ್ಲದೆ ನಟ ವೇದಿಕೆ ಮೇಲೆ ಮಾಡೋ ಸಣ್ಣಪುಟ್ಟ ಕೆಲಸ, ಕನ್ನಡಕ ಒರೆಸೋದು, ಕಾಗದ ಮಡಚೋದು, ಇದೆಲ್ಲಾ ಬಿಸಿನೆಸ್ಸೇ.

ದುಡ್ಡಿನ ಕಡೆ ಬಂದ್ರೆ ಅಲ್ಲೂ ಒಂದೇ ಅರ್ಥ ಇಲ್ಲ. ಮುಂದೆ ಎ ಸೇರಿ ‘ಎ ಬಿಸಿನೆಸ್’ ಆದ್ರೆ ಅದೊಂದು ಸಂಸ್ಥೆ, ಮಾರಬಹುದು ಕೊಳ್ಳಬಹುದು. ಎ ಇಲ್ದೆ ಬಿಸಿನೆಸ್ ಅಂದ್ರೆ ವಾಣಿಜ್ಯ ಅನ್ನೋ ಇಡೀ ಚಟುವಟಿಕೆ. ಬಿಸಿನೆಸ್ ಈಸ್ ಸ್ಲೋ ಅಂದ್ರೆ ಗಿರಾಕಿ ಕಮ್ಮಿ, ಅಲ್ಲಿ ‘ವಹಿವಾಟು’ ಹಾಕ್ಬೇಕು. ಸಿನಿಮಾ ಇಷ್ಟು ಬಿಸಿನೆಸ್ ಮಾಡ್ತು ಅಂದ್ರೆ ಕಲೆಕ್ಷನ್. ಸಾಫ್ಟ್‌ವೇರ್ ಆಫೀಸಲ್ಲಂತೂ ಬಿಸಿನೆಸ್ ಅಂದ್ರೆ ಮನುಷ್ಯರು! ‘ಬಿಸಿನೆಸ್ ಶುಕ್ರವಾರಕ್ಕೆ ಕೇಳ್ತಿದೆ’ ಅಂತಾರೆ, ಕೋಡ್ ಬರೆಯದೇ ಇರೋ, ಆದ್ರೆ ಡೆಡ್‌ಲೈನ್ ಇಡೋ ಕಡೆಯವರು ಅಂತ ಅರ್ಥ. ಹೊಸದಾಗಿ ಸೇರಿದೋರು ಒಂದು ವಾರ ತಲೆ ಕೆರ್ಕೊಳ್ತಾರೆ.

ಎರಡು ಅರ್ಥಾನ ಒಂದೇ ವಾಕ್ಯದಲ್ಲಿ ಡಿಕ್ಕಿ ಹೊಡೆಸಿದ್ದು ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್. 1925ರಲ್ಲಿ ಪತ್ರಿಕಾ ಸಂಪಾದಕರ ಮುಂದೆ ಮಾತಾಡ್ತಾ ‘ಅಮೆರಿಕನ್ ಜನರ ಮುಖ್ಯ ಬಿಸಿನೆಸ್ ಬಿಸಿನೆಸ್ಸೇ’ ಅಂದ್ರು. ಮೊದಲನೇದು ಹಳೇ ಬಿಸಿನೆಸ್, ಜನ ತಲೆ ಕೆಡಿಸ್ಕೊಳ್ಳೋ ವಿಷಯ, ಎರಡನೇದು ಹೊಸದು, ವ್ಯಾಪಾರ. ಇದನ್ನ ಕನ್ನಡಕ್ಕೆ ತರೋಕೆ ಕೂತ್ರೆ ಎರಡಕ್ಕೂ ಬೇರೆ ಬೇರೆ ಪದ ಹಾಕ್ಲೇಬೇಕು, ಹಾಕಿದ್ ಕೂಡ್ಲೇ ಮಜಾ ಹೋಯ್ತು.

ಸರಿ, ನಿಮ್ಮ ನಾಯಿ. ಅದು ಯಾವ ವ್ಯಾಪಾರಾನೂ ಮಾಡಿಲ್ಲ, ಪಾರ್ಕಲ್ಲಿ ಕಕ್ಕ ಮಾಡಿದೆ ಅಷ್ಟೇ. ಹೇಳೋಕೆ ಮುಜುಗರ ಆಗಿ ‘ತನ್ನ ಕೆಲಸ ಮುಗಿಸ್ತು’ ಅಂತ ಮರೆಮಾಚಿ ಹೇಳಿರೋದು. ನಾವು ಒಂದಕ್ಕೆ, ಎರಡಕ್ಕೆ ಅಂತ ಲೆಕ್ಕ ಹಾಕ್ತೀವಲ್ಲ, ಹಾಗೆ.