ಎಲ್ಲರೂ ಬಂದ ಮೇಲೆ ಇಂಟರ್‌ನೆಟ್ಟಿನ ಮಾತುಕತೆ ಯಾಕೆ ಬದಲಾಯಿತು?

ಹೊಸಬರು ಕೆಟ್ಟವರು ಅಂತಲ್ಲ, ಎಲ್ಲರೂ ಒಟ್ಟಿಗೇ ಬಂದರು ಅನ್ನೋದೇ ಕಾರಣ. ಪಂಕ್ತಿ ಊಟಕ್ಕೆ ಹೊಸದಾಗಿ ಕೂತ ಒಬ್ಬ ಹುಡುಗ ಪಕ್ಕದವರನ್ನು ನೋಡಿ ಕಲಿಯುತ್ತಾನೆ. ಸಾವಿರ ಜನ ಹೊಸಬರೇ ಒಮ್ಮೆಲೇ ಕೂತರೆ ಕಲಿಸೋರು ಯಾರು?

ಅಮೆರಿಕದಲ್ಲಿ ಹುಟ್ಟಿದ ಯೂಸ್‌ನೆಟ್ ಎಂಬ ಹಳೆಯ ಚರ್ಚಾ ಜಾಲದಲ್ಲೂ ಹೀಗೇ ಆಯಿತು. ಪ್ರತಿ ಸೆಪ್ಟೆಂಬರ್‌ಗೆ ಹೊಸ ಕಾಲೇಜು ಹುಡುಗರು ಬಂದು, ಕೆಲ ವಾರದಲ್ಲಿ ಅಲ್ಲಿನ ರೀತಿ ಕಲಿಯುತ್ತಿದ್ದರು. 1993ರ ನಂತರ ಹೊಸಬರು ಬರೋದು ನಿಲ್ಲಲೇ ಇಲ್ಲ. ಅದಕ್ಕೇ 'ಮುಗಿಯದ ಸೆಪ್ಟೆಂಬರ್' ಅಂದರು.

ನಮ್ಮಲ್ಲಿ ಆ ಅಲೆ ಜೋರಾಗಿದ್ದು 2016ರಲ್ಲಿ, ಜಿಯೋ ಬಂದಾಗ. ಅದಕ್ಕೂ ಮುಂಚೆ ಶಿರಸಿಯ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟುತ್ತಿದ್ದೆವು. ಈಗ ನಮ್ಮೂರ ಅಜ್ಜಿ ಮೈಕ್ ಒತ್ತಿ ಹಿಡಿದು, "ಇವತ್ತು ಚಾಲಿ ಅಡಿಕೆ ದರ ಎಷ್ಟು?" ಅಂತ ವಾಟ್ಸಾಪ್ ಗುಂಪಿನಲ್ಲಿ ಕೇಳುತ್ತಾರೆ. ನನಗಂತೂ ಇದೇ ಜಾಸ್ತಿ ಇಷ್ಟ.